ಮೊದಲ ಇಂಜೆಕ್ಷನ್ ಆದಮೇಲೂ ಮರಿಗೆ ಪಾರ್ವೋ ಬರೋದು ಯಾಕೆ?

"ಇಂಜೆಕ್ಷನ್ ಹಾಕಿಸಿದ್ವಲ್ಲ ಡಾಕ್ಟ್ರೇ, ಆದ್ರೂ ಪಾರ್ವೋ ಹೇಗೆ ಬಂತು?" ನಾಯಿಮರಿ ಸಾಕಿದವರು ಪಶುವೈದ್ಯರ ಮುಂದೆ ನಿಂತು ಸಂಕಟದಿಂದ ಕೇಳುವ ಪ್ರಶ್ನೆ ಇದು. ಪಾರ್ವೋ ಅಂದರೆ ಮರಿಗಳ ಕರುಳಿಗೆ ಪೆಟ್ಟು ಕೊಟ್ಟು ಜೀವ ತೆಗೆಯಬಲ್ಲ ವೈರಸ್ ರೋಗ. ಮರಿಗೆ 45 ದಿನ ತುಂಬಿದಾಗ ಮೊದಲ ಲಸಿಕೆ ಆಗಿರುತ್ತದೆ. ಕಾರ್ಡಿನಲ್ಲಿ ಸ್ಟಿಕ್ಕರ್ ಇದೆ, ಸಹಿಯೂ ಇದೆ. ಹತ್ತು ಹದಿನೈದು ದಿನ ಕಳೆಯುವಷ್ಟರಲ್ಲಿ ವಾಂತಿ, ರಕ್ತಭೇದಿ. ಲಸಿಕೆಯೇ ನಕಲಿ, ಇದೆಲ್ಲ ದುಡ್ಡು ಮಾಡೋ ದಂಧೆ ಎಂಬ ತೀರ್ಮಾನಕ್ಕೆ ಬರಲು ಹೊತ್ತು ಬೇಕಾಗುವುದಿಲ್ಲ. ಬಹುತೇಕ ಸಲ ಕಾರಣ ಬೇರೆಯೇ ಇರುತ್ತದೆ. ಅದನ್ನು ಹುಡುಕಲು ಮರಿಯ ತಾಯಿಯ ಹತ್ತಿರ ಹೋಗಬೇಕು.

ಹುಟ್ಟಿದ ಮೊದಲ ದಿನ ಮರಿ ಕುಡಿಯುವ ಗಿಣ್ಣುಹಾಲಿನಲ್ಲಿ ತಾಯಿಯ ರೋಗನಿರೋಧಕ ಕಣಗಳು, ಅಂದರೆ ಆ್ಯಂಟಿಬಾಡಿಗಳು, ತುಂಬಿರುತ್ತವೆ. ಮರಿಯ ಕರುಳು ಇವನ್ನು ಹಾಗೇ ರಕ್ತಕ್ಕೆ ಬಿಟ್ಟುಕೊಳ್ಳುವುದು ಸುಮಾರು ಮೊದಲ 24 ಗಂಟೆ ಮಾತ್ರ. ಆಮೇಲೆ ಆ ದಾರಿ ಮುಚ್ಚಿಹೋಗುತ್ತದೆ. ಅಷ್ಟರೊಳಗೆ ಸಿಕ್ಕಿದ್ದೇ ಮುಂದಿನ ಕೆಲವು ವಾರಗಳಿಗೆ ಮರಿಯ ಪಾಲಿನ ರಕ್ಷಣೆ. ತಾಯಿಗೆ ಸರಿಯಾಗಿ ಲಸಿಕೆ ಆಗಿದ್ದರೆ ಪಾಲು ದೊಡ್ಡದು, ಆಗಿಲ್ಲದಿದ್ದರೆ ಚಿಕ್ಕದು. ಒಂದೇ ಸೂಲಿನ ಮರಿಗಳಲ್ಲೂ ಮೊದಲು ಮೊಲೆ ಹಿಡಿದು ಹೊಟ್ಟೆತುಂಬ ಕುಡಿದ ಗಟ್ಟಿ ಮರಿಗೆ ಜಾಸ್ತಿ, ಪಕ್ಕಕ್ಕೆ ತಳ್ಳಿಸಿಕೊಂಡ ಬಡಕಲು ಮರಿಗೆ ಕಡಿಮೆ.

ಈ ರಕ್ಷಣೆ ಸುಮಾರು ಹತ್ತು ದಿನಕ್ಕೊಮ್ಮೆ ಅರ್ಧಕ್ಕರ್ಧ ಇಳಿಯುತ್ತಾ ಹೋಗುತ್ತದೆ. ಲೆಕ್ಕಕ್ಕೆ ಒಂದು ಮರಿಗೆ 100 ಪಾಲು ಸಿಕ್ಕಿತು ಅಂದುಕೊಳ್ಳಿ. ಹತ್ತನೇ ದಿನಕ್ಕೆ 50, ಇಪ್ಪತ್ತಕ್ಕೆ 25, ನಲವತ್ತನೇ ದಿನಕ್ಕೆ 6ರ ಆಸುಪಾಸು. ಇನ್ನೊಂದು ಮರಿಗೆ 400 ಸಿಕ್ಕಿದ್ದರೆ ಅದು 6ಕ್ಕೆ ಇಳಿಯಲು ಅರವತ್ತು ದಿನ ಬೇಕು. ಹೊರಗಿನಿಂದ ನೋಡಿದರೆ ಎರಡೂ ಮರಿಗಳು ಒಂದೇ ಥರ ಬಾಲ ಅಲ್ಲಾಡಿಸುತ್ತಿರುತ್ತವೆ. ಯಾವುದರ ರಕ್ತದಲ್ಲಿ ಎಷ್ಟು ಉಳಿದಿದೆ ಎಂದು ರಕ್ತ ಪರೀಕ್ಷೆ ಮಾಡದೆ ಹೇಳಲು ಬರುವುದಿಲ್ಲ.

ತೊಡಕು ಇರುವುದು ಇಲ್ಲೇ. ಪಾರ್ವೋ ಮತ್ತು ಡಿಸ್ಟೆಂಪರ್ (ನಾಯಿಗಳಿಗೆ ಬರುವ ಇನ್ನೊಂದು ವೈರಸ್ ರೋಗ) ಲಸಿಕೆಗಳಲ್ಲಿ ಇರುವುದು ಶಕ್ತಿ ಕುಂದಿಸಿದ ಜೀವಂತ ವೈರಸ್. ಅದು ಮರಿಯ ಮೈಯಲ್ಲಿ ಸ್ವಲ್ಪ ಬೆಳೆದರೇನೇ ಮರಿಯ ದೇಹ ಅದನ್ನು ನೋಡಿ, ಗುರುತಿಟ್ಟುಕೊಂಡು, ತನ್ನದೇ ಆ್ಯಂಟಿಬಾಡಿ ಮಾಡಲು ಕಲಿಯುವುದು. ಆದರೆ ತಾಯಿಯಿಂದ ಬಂದ ಆ್ಯಂಟಿಬಾಡಿಗೆ ಇದು ಲಸಿಕೆ, ಅದು ರೋಗ ಎಂಬ ಭೇದ ತಿಳಿಯದು. ಬೆಳೆಯುವ ಮೊದಲೇ ಲಸಿಕೆಯ ವೈರಸ್ಸನ್ನು ಮುಗಿಸಿಬಿಡುತ್ತದೆ. ಆ ಡೋಸ್ ವ್ಯರ್ಥ.

ಇನ್ನೂ ಕೆಟ್ಟದ್ದೆಂದರೆ ನಡುವಿನ ಒಂದು ಹೊತ್ತು. ತಾಯಿಯ ಆ್ಯಂಟಿಬಾಡಿ ಎಷ್ಟು ಇಳಿದಿರುತ್ತದೆಂದರೆ, ಬೀದಿಯಲ್ಲಿರುವ ನಿಜವಾದ, ಬಲಿಷ್ಠ ಪಾರ್ವೋ ವೈರಸ್ಸನ್ನು ತಡೆಯಲು ಅದಕ್ಕೆ ಆಗುವುದಿಲ್ಲ. ಆದರೆ ಲಸಿಕೆಯ ಬಡಪಾಯಿ ವೈರಸ್ಸನ್ನು ಹೊಡೆದುಹಾಕಲು ಸಾಕಾಗುವಷ್ಟು ಇನ್ನೂ ಉಳಿದಿರುತ್ತದೆ. ಎರಡು ಮೂರು ವಾರಗಳ ಈ ಅವಧಿಯಲ್ಲಿ ರೋಗ ಹತ್ತುತ್ತದೆ, ಲಸಿಕೆ ಹತ್ತುವುದಿಲ್ಲ. 45 ದಿನಕ್ಕೆ ಇಂಜೆಕ್ಷನ್ ಆಗಿಯೂ ಪಾರ್ವೋ ಬಂದ ಮರಿಗಳಲ್ಲಿ ಹೆಚ್ಚಿನವು ಸಿಕ್ಕಿಬಿದ್ದಿರುವುದು ಇಲ್ಲೇ.

ಆ ಅವಧಿ ಯಾವ ಮರಿಗೆ ಯಾವಾಗ ಮುಗಿಯುತ್ತದೆಂದು ಗೊತ್ತಿಲ್ಲದ್ದಕ್ಕೇ ಲಸಿಕೆಯನ್ನು ಮತ್ತೆ ಮತ್ತೆ ಹಾಕುವುದು. ಆರರಿಂದ ಎಂಟು ವಾರಕ್ಕೆ ಶುರು, ಆಮೇಲೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ, ಕೊನೆಯ ಡೋಸ್ 16 ವಾರ ತುಂಬಿದ ಮೇಲೆ. ಡಬ್ಲ್ಯೂಎಸ್‌ಎವಿಎ ಎಂಬ ಜಾಗತಿಕ ಪಶುವೈದ್ಯ ಸಂಘಟನೆಯ ಮಾರ್ಗಸೂಚಿ ಹೇಳುವುದೂ ಇದನ್ನೇ. ಇಲ್ಲಿ ಡೋಸುಗಳ ಎಣಿಕೆಗಿಂತ ಕೊನೆಯ ಡೋಸ್ ಬಿದ್ದ ದಿನ ಮುಖ್ಯ. ಮೂರು ಡೋಸ್ ಹಾಕಿಸಿ 12ನೇ ವಾರಕ್ಕೇ ನಿಲ್ಲಿಸಿದರೆ, ತಾಯಿಯ ರಕ್ಷಣೆ ಗಟ್ಟಿಯಾಗಿದ್ದ ಮರಿಗೆ ಮೂರೂ ವ್ಯರ್ಥವಾಗಿರಬಹುದು. ನಮ್ಮಲ್ಲಿ ಜನ ಜಾಸ್ತಿ ತಪ್ಪಿಸುವುದು ಕೊನೆಯದನ್ನೇ. ಮರಿ ದುಂಡಗೆ ಆಗಿದೆ, ಕುಣಿಯುತ್ತಿದೆ, ಇನ್ನೇನು ಬೇಕು ಅನ್ನಿಸಿಬಿಡುತ್ತದೆ. ಆರು ತಿಂಗಳ ಸುಮಾರಿಗೆ ಇನ್ನೊಂದು ಡೋಸ್ ಹಾಕಿಸಿದರೆ, ಅಕಸ್ಮಾತ್ ಹಿಂದಿನವು ಹತ್ತದೇ ಇದ್ದ ಮರಿಯೂ ದಾರಿಗೆ ಬರುತ್ತದೆ.

ಲಸಿಕೆ ನಿಜವಾಗಿಯೂ ಕೆಟ್ಟಿರುವ ಸಂದರ್ಭವೂ ಇದೆ, ಇಲ್ಲವೆಂದಲ್ಲ. ಇದನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ಒಳಗೆ ಇಡಬೇಕು. ಡಾಕ್ಟರ್ ಲಸಿಕೆ ತಯಾರು ಮಾಡುವುದನ್ನು ಒಮ್ಮೆ ಗಮನಿಸಿ. ಎರಡು ಪುಟ್ಟ ಸೀಸೆ ಇರುತ್ತವೆ. ಒಂದರ ತಳದಲ್ಲಿ ಒಣಗಿದ ಬಿಲ್ಲೆಯಂಥದ್ದು ಅಂಟಿಕೊಂಡಿರುತ್ತದೆ, ಜೀವಂತ ವೈರಸ್ ಇರುವುದು ಅದರಲ್ಲಿ. ಇನ್ನೊಂದರಲ್ಲಿ ದ್ರವ. ದ್ರವವನ್ನು ಸಿರಿಂಜಿಗೆ ಎಳೆದು ಒಣ ಸೀಸೆಗೆ ಬಿಟ್ಟು, ಮೆಲ್ಲಗೆ ಅಲ್ಲಾಡಿಸಿ, ಕರಗಿದ ಕೂಡಲೇ ಮತ್ತೆ ಎಳೆದುಕೊಂಡು ಚುಚ್ಚುತ್ತಾರೆ. ಕರಗಿಸಿದ ಮೇಲೆ ಇಟ್ಟುಕೊಳ್ಳುವ ಹಾಗಿಲ್ಲ. ಸೀಸೆಯ ಸ್ಟಿಕ್ಕರ್ ಕಿತ್ತು ಕಾರ್ಡಿಗೆ ಅಂಟಿಸುತ್ತಾರೆ. ಅದರಲ್ಲಿ ಬ್ಯಾಚ್ ನಂಬರ್, ಅವಧಿ ಮುಗಿಯುವ ತಾರೀಕು ಇರುತ್ತದೆ. ಬರೀ ಕೈಬರಹದಲ್ಲಿ "ಲಸಿಕೆ ಆಗಿದೆ" ಎಂದು ಬರೆದ ಕಾರ್ಡ್ ಕೊಟ್ಟು ಮರಿ ಮಾರುವವರನ್ನು ನಾನಂತೂ ನಂಬುವುದಿಲ್ಲ. ಅಂಥ ಮರಿ ತಂದರೆ ಲಸಿಕೆ ಆಗಿಯೇ ಇಲ್ಲ ಅಂದುಕೊಂಡು ಮೊದಲಿನಿಂದ ಶುರು ಮಾಡುವುದು ವಾಸಿ.

ಈಗ ಪಾರ್ವೋ ವಿಷಯಕ್ಕೆ ಬರೋಣ. ಈ ರೋಗಕ್ಕೆ ದೊಡ್ಡ ವಯಸ್ಸೇನೂ ಆಗಿಲ್ಲ. ನಾಯಿಗಳಲ್ಲಿ ಇದು ಬೇರೆ ಬೇರೆ ದೇಶಗಳಲ್ಲಿ ಒಮ್ಮೆಗೇ ಕಾಣಿಸಿಕೊಂಡದ್ದು 1978ರಲ್ಲಿ. ಎರಡು ವರ್ಷದಲ್ಲಿ ಜಗತ್ತೆಲ್ಲ ಸುತ್ತಿತು. ಬೆಕ್ಕುಗಳ ಒಂದು ವೈರಸ್ಸಿಗೆ ಇದು ಹತ್ತಿರದ ಸಂಬಂಧಿ. ಅಷ್ಟು ಬೇಗ ಹರಡಿದ್ದಕ್ಕೆ ಕಾರಣ ಅದರ ಗಟ್ಟಿತನ. ರೋಗ ಬಂದ ನಾಯಿಯ ಮಲದಲ್ಲಿ ವೈರಸ್ ರಾಶಿ ರಾಶಿ ಹೊರಬರುತ್ತದೆ, ಅದೂ ಲಕ್ಷಣ ಕಾಣುವುದಕ್ಕೆ ಮೊದಲೇ. ಮಳೆ ಬಿದ್ದು ಮಲ ತೊಳೆದುಹೋದರೂ ನೆರಳಿರುವ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಹಾಗಾಗಿ ಮರಿ ಮನೆಯ ಹೊಸ್ತಿಲು ದಾಟಿಲ್ಲ ಅನ್ನುವುದು ರಕ್ಷಣೆಯಲ್ಲ. ಹೊಸ್ತಿಲು ದಾಟಿ ಒಳಗೆ ಬರುವ ಚಪ್ಪಲಿ ಇದೆಯಲ್ಲ. ಮರಿಗಳಿಗೆ ಚಪ್ಪಲಿ ಅಂದರೆ ಪ್ರಾಣ ಬೇರೆ.

ಒಳಗೆ ಹೋದ ವೈರಸ್ ಬೇಗ ಬೇಗ ಒಡೆದು ಎರಡಾಗುವ ಜೀವಕೋಶಗಳನ್ನು ಹುಡುಕುತ್ತದೆ. ಮರಿಯ ಮೈಯಲ್ಲಿ ಅಂಥವು ಜಾಸ್ತಿ ಇರುವುದು ಕರುಳಿನ ಒಳಪದರದಲ್ಲಿ ಮತ್ತು ಮೂಳೆಯ ಮಜ್ಜೆಯಲ್ಲಿ. ಕರುಳಿನ ಒಳಪದರ ಕಳಚಿಬೀಳುತ್ತದೆ. ನೀರು ಹೀರಿಕೊಳ್ಳುವ ಕೆಲಸ ನಿಲ್ಲುತ್ತದೆ, ರಕ್ತ ಸೋರುತ್ತದೆ, ಕರುಳಿನಲ್ಲೇ ಇದ್ದ ಬ್ಯಾಕ್ಟೀರಿಯಾ ರಕ್ತಕ್ಕೆ ನುಗ್ಗುತ್ತದೆ. ಅದೇ ಹೊತ್ತಿಗೆ ಮಜ್ಜೆಗೂ ಪೆಟ್ಟು ಬಿದ್ದು ಬಿಳಿ ರಕ್ತಕಣಗಳು ಕುಸಿದಿರುತ್ತವೆ, ಅಂದರೆ ಬ್ಯಾಕ್ಟೀರಿಯಾ ಎದುರಿಸಬೇಕಾದ ಪಡೆಯೇ ಇಲ್ಲ. ಮರಿ ಸಾಯುವುದು ನೀರು ಬತ್ತಿ, ಇಲ್ಲವೇ ರಕ್ತಕ್ಕೆ ನಂಜೇರಿ. ಸಾಮಾನ್ಯವಾಗಿ ವೈರಸ್ ಹೊಕ್ಕ ಮೂರರಿಂದ ಏಳು ದಿನದಲ್ಲಿ ಲಕ್ಷಣ ಶುರು. ಮೊದಲು ಊಟ ಬಿಡುತ್ತದೆ, ಮಂಕಾಗಿ ಮೂಲೆ ಸೇರುತ್ತದೆ. ಆಮೇಲೆ ವಾಂತಿ, ಆಮೇಲೆ ಭೇದಿ. ರಕ್ತ ಬೆರೆತ ಆ ಭೇದಿಯ ಕೆಟ್ಟ ವಾಸನೆಯನ್ನು ಒಮ್ಮೆ ಕಂಡವರು ಮತ್ತೆ ಮರೆಯುವುದಿಲ್ಲ.

ಎಳನೀರು, ಮಜ್ಜಿಗೆ, ಗಂಜಿ ಕುಡಿಸುತ್ತಾ ಎರಡು ದಿನ ನೋಡೋಣ ಅನ್ನುವುದು ಇಲ್ಲಿ ಮರಿಯ ಜೀವ ತೆಗೆಯುತ್ತದೆ. ವಾಂತಿ ಮಾಡುತ್ತಿರುವ ಮರಿಗೆ ಬಾಯಿಂದ ಕುಡಿಸಿದ್ದು ದಕ್ಕುವುದಿಲ್ಲ. ಅದಕ್ಕೆ ಬೇಕಾದ್ದು ಡ್ರಿಪ್, ವಾಂತಿ ನಿಲ್ಲಿಸುವ ಇಂಜೆಕ್ಷನ್, ಬ್ಯಾಕ್ಟೀರಿಯಾ ವಿರುದ್ಧ ಆ್ಯಂಟಿಬಯಾಟಿಕ್. ವೈರಸ್ಸನ್ನೇ ಹಿಡಿದುಹಾಕುವ ಒಂದು ಆ್ಯಂಟಿಬಾಡಿ ಔಷಧಕ್ಕೆ 2023ರಲ್ಲಿ ಅಮೆರಿಕದಲ್ಲಿ ಷರತ್ತಿನ ಅನುಮತಿ ಸಿಕ್ಕಿದೆ. ಮಾಮೂಲಿ ಚಿಕಿತ್ಸೆ ಅಂದರೆ ಮರಿಯ ದೇಹ ತಾನೇ ಹೋರಾಡುವವರೆಗೆ ಅದನ್ನು ಬದುಕಿಸಿಟ್ಟುಕೊಳ್ಳುವುದು. ಬೇಗ ಕರೆದೊಯ್ದು ಪೂರ್ತಿ ಚಿಕಿತ್ಸೆ ಕೊಡಿಸಿದರೆ ಹೆಚ್ಚಿನ ಮರಿಗಳು ಉಳಿಯುತ್ತವೆ. ಬಿಟ್ಟರೆ ಹೆಚ್ಚಿನವು ಉಳಿಯುವುದಿಲ್ಲ. ಆಸ್ಪತ್ರೆಗೆ ಹೋಗುವ ಮುಂಚೆ ಫೋನ್ ಮಾಡಿ ಪಾರ್ವೋ ಅನುಮಾನ ಇದೆ ಅಂತ ಹೇಳಿ, ಮರಿಯನ್ನು ಕೆಳಗೆ ಬಿಡದೆ ಎತ್ತಿಕೊಂಡೇ ಹೋಗಿ. ಲಸಿಕೆಗೆ ಬಂದ ಬೇರೆ ಮರಿಗಳೂ ಅದೇ ಬೆಂಚಿನ ಹತ್ತಿರ ಕೂತಿರುತ್ತವೆ ಅಲ್ವಾ.

ಮನೆ ಶುದ್ಧಿಗೆ ಫಿನೈಲ್ ನಂಬಬೇಡಿ. ಸ್ಯಾನಿಟೈಸರ್ ಕೂಡ ಪಾರ್ವೋಗೆ ನಾಟುವುದಿಲ್ಲ. ಕೆಲಸ ಮಾಡುವುದು ಬ್ಲೀಚ್. ಬಟ್ಟೆಗೆ ಬಳಸುವ ದ್ರವ ಬ್ಲೀಚ್ ಒಂದು ಪಾಲಿಗೆ 30 ಪಾಲು ನೀರು. ಆದರೆ ಮೊದಲು ಸೋಪಿನ ನೀರಲ್ಲಿ ಉಜ್ಜಿ ಕೊಳೆ ತೆಗೆಯಬೇಕು, ಕೊಳೆಯ ಮೇಲೆ ಸುರಿದ ಬ್ಲೀಚ್ ಸತ್ವ ಕಳೆದುಕೊಳ್ಳುತ್ತದೆ. ಸುರಿದ ಮೇಲೆ ಹತ್ತು ನಿಮಿಷ ಒದ್ದೆಯಾಗಿಯೇ ಬಿಟ್ಟು ಆಮೇಲೆ ತೊಳೆಯಬೇಕು. ಆ್ಯಸಿಡ್ ಜೊತೆ ಮಾತ್ರ ಬೆರೆಸಬೇಡಿ, ವಿಷಗಾಳಿ ಏಳುತ್ತದೆ. ಅಂಗಳದ ಮಣ್ಣನ್ನು ಹೀಗೆ ತೊಳೆಯಲಾಗದು. ಆದ್ದರಿಂದ ಪಾರ್ವೋದಿಂದ ಮರಿ ಸತ್ತ ಮನೆಗೆ ಮುಂದಿನ ಒಂದು ವರ್ಷ ಎಳೆಮರಿ ತರದೆ, ಲಸಿಕೆ ಪೂರ್ತಿಯಾದ ದೊಡ್ಡ ನಾಯಿ ತರುವುದು ಒಳ್ಳೆಯದು.

ಡಿಸ್ಟೆಂಪರ್ ಸ್ವಭಾವ ಇದಕ್ಕೆ ಪೂರ್ತಿ ಉಲ್ಟಾ. ಹೊರಗೆ ಅದು ಬೇಗ ಸಾಯುತ್ತದೆ, ಸೋಪು, ಬಿಸಿಲು, ಫಿನೈಲ್ ಎಲ್ಲಕ್ಕೂ ಬಗ್ಗುತ್ತದೆ. ಆದರೆ ಕೆಮ್ಮು, ಸೀನು, ಉಸಿರಿನ ಹನಿಗಳ ಮೂಲಕ ಒಂದು ನಾಯಿಯಿಂದ ಇನ್ನೊಂದಕ್ಕೆ ಹಾರುತ್ತದೆ. ನಮ್ಮ ದಡಾರ, ದನಗಳ ದೊಡ್ಡರೋಗ ಇವೆಲ್ಲ ಒಂದೇ ಬಳಗದ ವೈರಸ್‌ಗಳು. ದೊಡ್ಡರೋಗವನ್ನು ಲಸಿಕೆಯ ಬಲದಿಂದಲೇ ಜಗತ್ತಿನಿಂದ ಅಳಿಸಿ 2011ರಲ್ಲಿ ಘೋಷಣೆ ಮಾಡಿದರು. ಡಿಸ್ಟೆಂಪರನ್ನು ಹಾಗೆ ಅಳಿಸುವುದು ಕಷ್ಟ, ನರಿ, ತೋಳ, ಹುಲಿ, ಸಿಂಹ ಎಲ್ಲಕ್ಕೂ ಅದು ಹತ್ತುತ್ತದೆ. 2018ರಲ್ಲಿ ಗುಜರಾತಿನ ಗಿರ್ ಕಾಡಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಂಹಗಳು ಸತ್ತಾಗ ಅವುಗಳಲ್ಲಿ ಕೆಲವಲ್ಲಿ ಸಿಕ್ಕಿದ್ದು ಇದೇ ವೈರಸ್. 1994ರಲ್ಲಿ ಆಫ್ರಿಕಾದ ಸೆರೆಂಗೆಟಿಯಲ್ಲಿ ಮೂರನೇ ಒಂದು ಪಾಲು ಸಿಂಹಗಳನ್ನು ಇದು ಕೊಂದಿತ್ತು. ಕಾಡಂಚಿನ ಊರಿನಲ್ಲಿ ನಾಯಿ ಸಾಕಿದವರು ಲಸಿಕೆ ಹಾಕಿಸಿದರೆ ಅದು ಬರೀ ಅವರ ನಾಯಿಯ ಮಾತಲ್ಲ. ಲಕ್ಷಣ ಶುರುವಾಗುವುದು ಕಣ್ಣು ಮೂಗಿನಲ್ಲಿ ಪಿಸುರು, ಜ್ವರ, ಕೆಮ್ಮಿನಿಂದ. ವಾಸಿಯಾಯಿತು ಅಂದುಕೊಂಡ ಮೇಲೆ, ಕೆಲವೊಮ್ಮೆ ವಾರಗಳ ನಂತರ, ಫಿಟ್ಸ್ ಬರುತ್ತದೆ, ಇಲ್ಲವೇ ಒಂದು ಕಾಲು ಬಿಡದೆ ಅದುರಲು ಶುರುವಾಗುತ್ತದೆ. ಆ ಹಂತಕ್ಕೆ ಬಂದ ನಾಯಿಯನ್ನು ಪೂರ್ತಿ ಸರಿಮಾಡುವುದು ಅಪರೂಪ.

ರೇಬೀಸ್ ಬಗ್ಗೆ ಜಾಸ್ತಿ ಹೇಳಬೇಕಿಲ್ಲ, ಸಂಶಯಕ್ಕೆ ಅಲ್ಲಿ ಜಾಗವೇ ಇಲ್ಲ. ಲಕ್ಷಣ ಕಂಡರೆ ನಾಯಿಯಾಗಲಿ ಮನುಷ್ಯರಾಗಲಿ ಉಳಿಯುವುದಿಲ್ಲ ಅಂತಲೇ ಲೆಕ್ಕ. ಮೂರು ತಿಂಗಳಿಗೆ ಮೊದಲ ಲಸಿಕೆ, ಆಮೇಲೆ ವರ್ಷಕ್ಕೊಮ್ಮೆ. ಸೆಪ್ಟೆಂಬರ್ 28ರ ವಿಶ್ವ ರೇಬೀಸ್ ದಿನಕ್ಕೆ ಹಲವು ಕಡೆ ಪಶು ಆಸ್ಪತ್ರೆಗಳಲ್ಲಿ ಉಚಿತವಾಗಿ ಹಾಕುತ್ತಾರೆ. ಲಸಿಕೆ ಆದ ಮನೆನಾಯಿ ಕಚ್ಚಿದರೂ ಗಾಯವನ್ನು ಸೋಪು ಹಾಕಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು ಡಾಕ್ಟರ ಹತ್ತಿರ ಹೋಗಿ.

ಇನ್ನು ಜಂತುಹುಳು. ಇದರ ಮೂಲವೂ ಎಷ್ಟೋ ಸಲ ತಾಯಿಯೇ. "ಮರಿ ಇನ್ನೂ ಮಣ್ಣೇ ತುಳಿದಿಲ್ಲ, ಹುಳು ಎಲ್ಲಿಂದ?" ಎಂದು ಕೇಳುವವರಿದ್ದಾರೆ. ದುಂಡುಹುಳುವಿನ ಮರಿಹುಳುಗಳು ತಾಯಿನಾಯಿಯ ಮಾಂಸಖಂಡಗಳಲ್ಲಿ ವರ್ಷಗಟ್ಟಲೆ ಸುಮ್ನೆ ಮಲಗಿರುತ್ತವೆ. ಗರ್ಭದ ಕೊನೆಯ ಮೂರು ವಾರದಲ್ಲಿ ಎದ್ದು, ಹೊಕ್ಕುಳಬಳ್ಳಿಯ ಕಡೆಯಿಂದ ಮರಿಗಳ ಮೈ ಸೇರುತ್ತವೆ. ಉಳಿದವು ಮೊಲೆಹಾಲಿನಲ್ಲಿ ಬರುತ್ತವೆ. ಅಂದರೆ ಹುಟ್ಟುವಾಗಲೇ ಮರಿಗೆ ಹುಳು ಇರುತ್ತದೆ. ತಾಯಿಗೆ ಮಾಮೂಲಿ ಮಾತ್ರೆ ಕೊಟ್ಟಿದ್ದರೂ ಇದು ತಪ್ಪುವುದಿಲ್ಲ, ಯಾಕೆಂದರೆ ಆ ಮಾತ್ರೆ ಕರುಳಿನ ಹುಳು ಕೊಲ್ಲುತ್ತದೆಯೇ ಹೊರತು ಮಾಂಸದಲ್ಲಿ ಮಲಗಿರುವುದನ್ನಲ್ಲ.

ಮರಿಗೆ ಮೂರು ವಾರ ಆಗುವಷ್ಟರಲ್ಲಿ ಈ ಹುಳುಗಳು ದೊಡ್ಡವಾಗಿ ಮೊಟ್ಟೆ ಇಡಲು ಶುರುಮಾಡುತ್ತವೆ. ಒಂದು ಹೆಣ್ಣು ಹುಳು ದಿನಕ್ಕೆ ಇಡುವ ಮೊಟ್ಟೆಗಳ ಲೆಕ್ಕ ಹತ್ತಾರು ಸಾವಿರ. ಅದಕ್ಕೇ ಮೊದಲ ಜಂತುಹುಳು ಔಷಧಿ ಎರಡು ವಾರಕ್ಕೆ. ಆಮೇಲೆ ಎರಡು ವಾರಕ್ಕೊಮ್ಮೆ, ಎರಡರಿಂದ ಮೂರು ತಿಂಗಳವರೆಗೆ. ಆಮೇಲೆ ಆರು ತಿಂಗಳವರೆಗೆ ತಿಂಗಳಿಗೊಮ್ಮೆ. ದೊಡ್ಡದಾದ ಮೇಲೆ ಮೂರು ತಿಂಗಳಿಗೊಮ್ಮೆ. ಮತ್ತೆ ಮತ್ತೆ ಕೊಡುವುದು ಯಾಕೆಂದರೆ, ಮೈಯಲ್ಲಿ ಅಲೆಯುತ್ತಾ ಇನ್ನೂ ಕರುಳು ಸೇರದ ಮರಿಹುಳುಗಳು ಮೊದಲ ಡೋಸಿಗೆ ಸಿಗುವುದಿಲ್ಲ, ಮುಂದಿನದಕ್ಕೆ ಸಿಗುತ್ತವೆ. ಡೋಸ್ ತೂಕದ ಮೇಲೆ. ಮರಿಯನ್ನು ಎತ್ತಿಕೊಂಡು ತೂಕದ ಮೆಷಿನ್ ಮೇಲೆ ನಿಂತು, ನಿಮ್ಮ ತೂಕ ಕಳೆದರೆ ಆಯ್ತು. ಸಿರಪ್ ಆದರೆ ಬಾಟಲಿ ಚೆನ್ನಾಗಿ ಅಲ್ಲಾಡಿಸಿ, ಔಷಧಿ ತಳದಲ್ಲಿ ಕೂತಿರುತ್ತದೆ. ಔಷಧಿ ಕೊಟ್ಟ ಮರುದಿನ ಬೆರಳುದ್ದದ ಬಿಳಿ ಹುಳುಗಳು ಸುರುಳಿ ಸುತ್ತಿಕೊಂಡು ಹೊರಬಿದ್ದರೆ ಗಾಬರಿ ಬೇಡ. ಹುಳು ಕಾಣಲಿಲ್ಲ ಅಂತ ಔಷಧಿ ಕೆಲಸ ಮಾಡಲಿಲ್ಲ ಅಂದುಕೊಳ್ಳುವುದೂ ಬೇಡ.

ಹೊಟ್ಟೆ ಉಬ್ಬಿ, ಬೆನ್ನೆಲುಬು ಕಾಣುತ್ತಾ ಇರುವ ಮರಿಯನ್ನು "ಗುಂಡುಗುಂಡಾಗಿದೆ" ಎಂದು ಮುದ್ದಿಸುವುದನ್ನು ನೋಡಿದ್ದೇನೆ. ಅದು ಹುಳುವಿನ ಹೊಟ್ಟೆ. ಕೊಕ್ಕೆಹುಳು ಇದಕ್ಕಿಂತ ಅಪಾಯ. ಅದು ಕರುಳಿನ ಗೋಡೆ ಕಚ್ಚಿ ರಕ್ತ ಹೀರುತ್ತದೆ. ಮೊಲೆಹಾಲಿನಿಂದಲೂ ಬರುತ್ತದೆ, ತೇವದ ಮರಳು ಮಣ್ಣಿನಿಂದ ಚರ್ಮ ತೂರಿಕೊಂಡೂ ಬರುತ್ತದೆ. ಕರಾವಳಿಯ ಮಣ್ಣು, ಸೆಕೆ ಅದಕ್ಕೆ ಹೇಳಿಮಾಡಿಸಿದ ಹಾಗಿದೆ. ಮರಿಯ ತುಟಿ ಮೇಲೆತ್ತಿ ಒಸಡು ನೋಡಿ. ಗುಲಾಬಿ ಬಣ್ಣ ಇರಬೇಕಾದಲ್ಲಿ ಬಿಳಿಚಿಕೊಂಡಿದ್ದರೆ ಅವತ್ತೇ ಡಾಕ್ಟರ ಹತ್ತಿರ ಹೋಗಬೇಕು.

ಲಾಡಿಹುಳುವಿನ ದಾರಿಯೇ ಬೇರೆ. ನಾಯಿ ಮಲಗುವ ಬಟ್ಟೆಯ ಮೇಲೆ, ಇಲ್ಲವೇ ಬಾಲದ ಬುಡದ ಕೂದಲಲ್ಲಿ ಒಣಗಿದ ಅಕ್ಕಿಕಾಳಿನಂಥದ್ದು ಅಂಟಿಕೊಂಡಿದ್ದರೆ ಅದು ಲಾಡಿಹುಳುವಿನ ತುಂಡು. ಹಸಿಯಿದ್ದಾಗ ಮೆಲ್ಲಗೆ ಹರಿದಾಡುತ್ತಿರುತ್ತದೆ. ತುಂಡಿನೊಳಗೆ ಮೊಟ್ಟೆಗಳ ಗೊಂಚಲು. ಆ ಮೊಟ್ಟೆಯನ್ನು ಚಿಗಟದ ಮರಿ ತಿನ್ನುತ್ತದೆ, ಚಿಗಟ ದೊಡ್ಡದಾಗಿ ನಾಯಿಯ ಮೈ ಹತ್ತುತ್ತದೆ, ನಾಯಿ ಕೆರೆತಕ್ಕೆ ಮೈ ಕಚ್ಚಿಕೊಳ್ಳುವಾಗ ಚಿಗಟವನ್ನೇ ನುಂಗುತ್ತದೆ. ಮೂರು ವಾರದಲ್ಲಿ ಮತ್ತೆ ಲಾಡಿಹುಳು ತಯಾರು. ಅಂದರೆ ಲಾಡಿಹುಳು ಕೊಲ್ಲುವ ಪ್ರಾಜಿಕ್ವಾಂಟೆಲ್ ಇರುವ ಮಾತ್ರೆ ಎಷ್ಟು ಸಲ ಕೊಟ್ಟರೂ, ಚಿಗಟವನ್ನು ಹಾಗೇ ಬಿಟ್ಟರೆ ಹುಳು ಬಿಡುವುದಿಲ್ಲ. ನಾಯಿಗೆ ಚಿಗಟದ ಔಷಧಿ ಹಾಕಿ, ಹಾಸಿಗೆ ಬಟ್ಟೆಯನ್ನು ಬಿಸಿನೀರಲ್ಲಿ ಒಗೆದು, ಮೂಲೆ ಮೂಲೆ ಗುಡಿಸಬೇಕು. ಮಟನ್ ಅಂಗಡಿಯಿಂದ ತರುವ ಹಸಿ ಈಲಿ, ಶ್ವಾಸಕೋಶದ ಚೂರುಗಳಿಂದ ಬರುವ ಇನ್ನೊಂದು ಪುಟ್ಟ ಲಾಡಿಹುಳು ಇದೆ. ನಾಯಿಗೆ ಅದರಿಂದ ದೊಡ್ಡ ತೊಂದರೆ ಇಲ್ಲ, ಆದರೆ ಅದರ ಮೊಟ್ಟೆ ಮನುಷ್ಯರ ಹೊಟ್ಟೆ ಸೇರಿದರೆ ಈಲಿಯಲ್ಲಿ ನೀರುಗಡ್ಡೆ ಬೆಳೆಯುತ್ತದೆ. ಕುದಿಸಿ ಹಾಕಿ, ಅಷ್ಟೇ.

ಮಕ್ಕಳಿರುವ ಮನೆಯಲ್ಲಿ ದುಂಡುಹುಳು ಇನ್ನೂ ಮುಖ್ಯ. ಇದರ ಮೊಟ್ಟೆ ಮಗುವಿನ ಬಾಯಿಗೆ ಹೋದರೆ ಮರಿಹುಳು ಈಲಿ, ಶ್ವಾಸಕೋಶಗಳಲ್ಲಿ ದಿಕ್ಕು ತಪ್ಪಿ ಅಲೆಯುತ್ತದೆ. ಅಪರೂಪಕ್ಕೆ ಕಣ್ಣಿಗೆ ಹೋಗಿ ದೃಷ್ಟಿ ಕೆಡಿಸುತ್ತದೆ. ಹಾಗಂತ ನಾಯಿಯನ್ನು ಮುಟ್ಟಲೇಬಾರದು ಅಂತಲ್ಲ. ಹೊಸದಾಗಿ ಬಿದ್ದ ಮಲದಲ್ಲಿನ ಮೊಟ್ಟೆ ಆ ಕೂಡಲೇ ರೋಗ ತರಲಾರದು, ಮಣ್ಣಿನಲ್ಲಿ ಎರಡು ಮೂರು ವಾರ ಪಕ್ವವಾಗಬೇಕು. ಆಮೇಲೆ ವರ್ಷಗಟ್ಟಲೆ ಉಳಿಯುತ್ತದೆ. ಆದ್ದರಿಂದ ಕಕ್ಕವನ್ನು ದಿನವೂ ಎತ್ತಿಹಾಕುವುದು ಎಷ್ಟೋ ಮಾತ್ರೆಗಳಿಗೆ ಸಮ. ಪಾರ್ಕಿನಲ್ಲಿ ಚೀಲ ಹಿಡಿದು ಬಗ್ಗಿದವರನ್ನು ನೋಡಿ ನಗುವವರು ತಮ್ಮ ಮಕ್ಕಳನ್ನು ಅದೇ ಮರಳಿನಲ್ಲಿ ಆಡಲು ಬಿಟ್ಟಿರುತ್ತಾರೆ.

ಮನೆಮದ್ದಿನ ಆಸೆಗೆ ಬೆಳ್ಳುಳ್ಳಿ ತಿನ್ನಿಸಬೇಡಿ, ನಾಯಿಯ ಕೆಂಪು ರಕ್ತಕಣಗಳನ್ನು ಅದು ಒಡೆಯುತ್ತದೆ. ಮನುಷ್ಯರ ಜಂತುಹುಳು ಮಾತ್ರೆಯನ್ನು ಅಂದಾಜಿಗೆ ಮುರಿದು ಕೊಡುವುದೂ ಬೇಡ. ಅಂಥ ಮಾತ್ರೆಗಳಲ್ಲಿರುವ ಆಲ್ಬೆಂಡಜೋಲ್ ನಾಯಿಗಳ ಮಜ್ಜೆಗೆ ಪೆಟ್ಟು ಕೊಡಬಲ್ಲದು. ಹುಳುವಿನ ಮಾತ್ರೆ ಕೊಟ್ಟ ಮೇಲೂ ಭೇದಿ ನಿಲ್ಲದಿದ್ದರೆ ಜಿಯಾರ್ಡಿಯಾ, ಕಾಕ್ಸಿಡಿಯಾ ಎಂಬ ಸೂಕ್ಷ್ಮಜೀವಿಗಳಿರಬಹುದು. ಮಾಮೂಲಿ ಮಾತ್ರೆಗೆ ಅವು ಹೋಗುವುದು ಕಷ್ಟ. ಬೆಂಕಿಪೊಟ್ಟಣದಷ್ಟು ಚಿಕ್ಕ ಡಬ್ಬಿಯಲ್ಲಿ ಅವತ್ತಿನ ಮಲ ತೆಗೆದುಕೊಂಡು ಹೋದರೆ ಮೈಕ್ರೋಸ್ಕೋಪಿನಲ್ಲಿ ನೋಡಿ ಹೇಳುತ್ತಾರೆ.

ಕೊನೆಯ ಲಸಿಕೆ ಆಗುವವರೆಗೆ ಮರಿಯನ್ನು ಮನೆಯೊಳಗೇ ಕೂಡಿಹಾಕಬೇಕಾ? ಬೇಡ. ಮೂರರಿಂದ ಹದಿನಾಲ್ಕು ವಾರದೊಳಗೆ ಜನ, ಸದ್ದು, ವಾಹನ ನೋಡದ ಮರಿ ದೊಡ್ಡದಾದ ಮೇಲೆ ಹೆದರುಪುಕ್ಕಲು ಆಗುತ್ತದೆ, ಹೆದರಿದ ನಾಯಿಯೇ ಕಚ್ಚುವುದು. ಎತ್ತಿಕೊಂಡು ರಸ್ತೆಗೆ ಕರೆದೊಯ್ಯಿರಿ. ಲಸಿಕೆ ಆದ, ಪರಿಚಯದವರ ನಾಯಿಗಳ ಜೊತೆ ಅವರ ಮನೆಯಲ್ಲಿ ಆಡಲು ಬಿಡಿ. ಬೀದಿ ನಾಯಿಗಳು ಓಡಾಡುವ ಮಣ್ಣಿನ ಮೇಲೆ, ಪಾರ್ಕಿನಲ್ಲಿ ಮಾತ್ರ ಕೆಳಗೆ ಬಿಡಬೇಡಿ.

ದೊಡ್ಡ ನಾಯಿಗೆ ಪ್ರತಿ ವರ್ಷ ಎಲ್ಲವೂ ಬೇಕಾ ಎಂಬ ಪ್ರಶ್ನೆಗೆ ಉತ್ತರ ಸೀಸೆಯಲ್ಲಿ ಏನಿದೆ ಎಂಬುದರ ಮೇಲೆ ನಿಂತಿದೆ. ಪಾರ್ವೋ, ಡಿಸ್ಟೆಂಪರ್ ರಕ್ಷಣೆ ಒಮ್ಮೆ ಗಟ್ಟಿಯಾಗಿ ಕೂತರೆ ಮೂರು ವರ್ಷಕ್ಕಿಂತ ಜಾಸ್ತಿ ಉಳಿಯುತ್ತದೆ, ಜಾಗತಿಕ ಮಾರ್ಗಸೂಚಿಯೂ ಮೂರು ವರ್ಷದೊಳಗೆ ಮತ್ತೆ ಹಾಕುವುದು ಬೇಡ ಅನ್ನುತ್ತದೆ. ಆದರೆ ಅದೇ ಇಂಜೆಕ್ಷನ್ನಿನಲ್ಲಿ ಬರುವ ಇಲಿಜ್ವರದ ಲಸಿಕೆಯ ಬಲ ಒಂದು ವರ್ಷ ಅಷ್ಟೇ. ಮಲೆನಾಡು, ಕರಾವಳಿ, ಗದ್ದೆ ಬದಿಯ ಮನೆಗಳಲ್ಲಿ, ಇಲಿ ಹೆಗ್ಗಣ ಜಾಸ್ತಿ ಇರುವ ಕಡೆ, ಅದನ್ನು ಬಿಡುವ ಹಾಗಿಲ್ಲ. ಎಲ್ಲ ಕೂಡಿಸಿದ ಸೀಸೆಯೋ, ಇಲಿಜ್ವರದ್ದು ಮಾತ್ರವೋ ಎಂದು ಈ ಸಲ ಕಾರ್ಡ್ ಹಿಡಿದು ಹೋದಾಗ ಡಾಕ್ಟರನ್ನು ಕೇಳಿ. ಕೇಳಿದರೆ ಬೇಜಾರು ಮಾಡಿಕೊಳ್ಳುವುದಿಲ್ಲ, ಹೆಚ್ಚಿನವರಿಗೆ ಖುಷಿಯೇ ಆಗುತ್ತದೆ.